ಹುಂಡಿಯಲ್ಲಿ ಸಿಕ್ಕ ಚೀಟಿ

ಹುಂಡಿ ಎಣಿಕೆ ಅಂದರೆ ಹೊರಗಿನವರಿಗೆ ದುಡ್ಡಿನ ರಾಶಿ ಕಣ್ಮುಂದೆ ಬರುತ್ತದೆ. ನನಗೆ ಮೊದಲು ನೆನಪಾಗುವುದು ಅದರ ವಾಸನೆ. ದೀಪದ ಎಣ್ಣೆ, ಕುಂಕುಮ, ಕರ್ಪೂರ, ಜನರ ಬೆವರು, ಮುದುಡಿದ ನೋಟು ಎಲ್ಲಾ ಸೇರಿದ ವಾಸನೆ. ಮನೆಗೆ ಹೋಗಿ ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಹೋಗುತ್ತಿರಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿಯಾಗಿದ್ದೆ. ಈಗ ನಿವೃತ್ತಿಯಾಗಿ ದಾವಣಗೆರೆಯಲ್ಲಿದ್ದೇನೆ. ಮುಜರಾಯಿ ದೇವಸ್ಥಾನದ ಹುಂಡಿ ತೆರೆಯುವ ದಿನ ನಮ್ಮಲ್ಲಿ ನಾಲ್ಕೈದು ಜನರನ್ನು ಎಣಿಕೆಗೆ ಹಾಕುತ್ತಿದ್ದರು. ತಹಸೀಲ್ದಾರರ ಎದುರು ಸೀಲು ಒಡೆಯುತ್ತಾರೆ. ವಿಡಿಯೋ ಮಾಡುತ್ತಾರೆ. ಜಮಖಾನದ ಮೇಲೆ ಎಲ್ಲವನ್ನೂ ಸುರಿಯುತ್ತಾರೆ. ಬ್ಯಾಂಕಿನವರು ಒಂದು ಕಡೆ, ನಾವು ಒಂದು ಕಡೆ ಕೂತು ನೋಟು ಬೇರೆ, ಚಿಲ್ಲರೆ ಬೇರೆ ಮಾಡುತ್ತೇವೆ. ಬೆಳ್ಳಿಯ ಕಣ್ಣು, ಪುಟ್ಟ ತೊಟ್ಟಿಲು, ತಾಳಿಯ ಗುಂಡು ಸಿಗುತ್ತವೆ. ಅವನ್ನು ತೂಕ ಹಾಕಿ ಬರೆಯುತ್ತೇವೆ. ಸಂಜೆಗೆ ಮಹಜರು ಬರೆದು ಸಹಿ ಹಾಕಿದರೆ ಕೆಲಸ ಮುಗಿಯಿತು.

ಅವತ್ತು ನನ್ನ ಕೈಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ ಹತ್ತು ರೂಪಾಯಿ ನೋಟು ಬಂತು. ನೋಟು ತೆಗೆದು ಹಾಳೆ ಬಿಡಿಸಿದೆ. ಪೆನ್ಸಿಲಿನಲ್ಲಿ ಬರೆದಿತ್ತು. ‘ಅವ್ವಾ, ಇವರು ಕುಡಿಯೋದು ಬಿಡಬೇಕು. ಬಿಟ್ಟರೆ ನಿನಗೆ ಸೀರೆ ಉಡಿಸ್ತೀನಿ. ಯಾರಿಗೂ ಗೊತ್ತಾಗೋದು ಬೇಡ.’

ಓದಿ ಮುಗಿಸಿದ ಮೇಲೆ ಮೈ ಜುಮ್ ಅಂತು. ಯಾರಿಗೂ ಗೊತ್ತಾಗೋದು ಬೇಡ ಅಂತ ಆ ಹೆಣ್ಣುಮಗಳು ದೇವರ ಹತ್ತಿರ ಬೇಡಿಕೊಂಡಿದ್ದಳು. ಗೊತ್ತಾಗಿದ್ದು ಸರ್ಕಾರಿ ನೌಕರಳಾದ ನನಗೆ. ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ತನಗೆ ಸಿಕ್ಕ ಚೀಟಿಯನ್ನು ಜೋರಾಗಿ ಓದಿ ನಗುತ್ತಿದ್ದ. ಯಾರದೋ ಪಿಯುಸಿ ಮಾರ್ಕ್ಸಿನ ಹರಕೆ. ‘ಕಾಗದ ಎಲ್ಲಾ ಒಂದು ಕಡೆ ಹಾಕ್ರಿ, ಆಮೇಲೆ ಕಸಕ್ಕೆ ಹಾಕಿದ್ರಾಯ್ತು’ ಅಂದರು ಮೇಲಿನವರು. ಅವರದ್ದೂ ತಪ್ಪಲ್ಲ. ಮಹಜರಿನಲ್ಲಿ ನೋಟಿಗೆ ಜಾಗ ಇದೆ, ಚಿನ್ನಕ್ಕೆ ಇದೆ, ಬೆಳ್ಳಿಗೆ ಇದೆ. ಹರಕೆಗೆ ಜಾಗ ಇಲ್ಲ.

ನಾನು ಆ ಚೀಟಿಯನ್ನು ಮಡಚಿ ಅರ್ಚಕರ ಕೈಗೆ ಕೊಟ್ಟೆ. ಅವರು ಒಂದು ಮಾತೂ ಕೇಳದೆ ಗರ್ಭಗುಡಿಗೆ ತಗೊಂಡು ಹೋದರು.

ಧರ್ಮ ಮತ್ತು ಸರ್ಕಾರ ಬೇರೆ ಬೇರೆ ಇರಬೇಕು ಅನ್ನೋ ಮಾತು ಬಂದಾಗೆಲ್ಲ ನನಗೆ ಆ ಪೆನ್ಸಿಲಿನ ಅಕ್ಷರ ಕಾಣುತ್ತದೆ. ಈ ಮಾತನ್ನು ನಮ್ಮಲ್ಲಿ ಜಾಸ್ತಿ ಜನ ದೇವರನ್ನು ನಂಬದವರ ಮಾತು ಅಂದುಕೊಂಡಿದ್ದಾರೆ. ನಾನು ನಂಬುವವಳು. ನಮ್ಮ ಮನೆಯಲ್ಲಿ ದುಗ್ಗಮ್ಮನಿಗೆ ನಡೆದುಕೊಳ್ಳುತ್ತೇವೆ. ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ಜಾತ್ರೆಯಾದರೆ ನೆಂಟರಿಗೆಲ್ಲ ಹೇಳಿಕಳಿಸುತ್ತೇವೆ, ಹೋಳಿಗೆ ಮಾಡುತ್ತೇವೆ. ನಂಬುವವಳಾದ್ದರಿಂದಲೇ ಈ ಬೇರ್ಪಡಿಕೆ ನನಗೆ ಬೇಕು.

ಅಮೆರಿಕದಲ್ಲಿ ಈ ಮಾತು ಹುಟ್ಟಿದ್ದೂ ಒಂದು ಕಾಗದದಿಂದಲೇ. 1801ರ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರು ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ಅವರು ದೇವರನ್ನು ಗಟ್ಟಿಯಾಗಿ ನಂಬಿದ ಜನ. ಆ ರಾಜ್ಯದಲ್ಲಿ ಸರ್ಕಾರದ ಬೆಂಬಲ ಇದ್ದದ್ದು ಕಾಂಗ್ರಿಗೇಷನಲ್ ಎಂಬ ಇನ್ನೊಂದು ಪಂಗಡದ ಚರ್ಚಿಗೆ. ಅದಕ್ಕೆ ತೆರಿಗೆ ಕೊಡಬೇಕಿತ್ತು. ‘ನಾವು ಬೇರೆ ಪಂಗಡದವರು’ ಅಂತ ಸರ್ಟಿಫಿಕೇಟ್ ಕೊಟ್ಟವರಿಗೆ ಮಾತ್ರ ಅದರಿಂದ ವಿನಾಯಿತಿ. ಇದನ್ನು ಓದಿದಾಗ ನನ್ನ ಟೇಬಲ್ ನೆನಪಾಯಿತು. ಎಷ್ಟು ವರ್ಷ ಪ್ರಮಾಣಪತ್ರದ ಅರ್ಜಿ ತಗೊಂಡಿದ್ದೇನೆ! ಅರ್ಜಿ ಹಿಡಿದು ನಿಂತವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ತಾನು ಯಾರು ಅನ್ನೋದನ್ನು ಇನ್ನೊಬ್ಬರ ಸೀಲಿನಿಂದ ಸಾಬೀತು ಮಾಡಬೇಕಾದವರ ಮುಖ ಅದು. ಆ ಬ್ಯಾಪ್ಟಿಸ್ಟರ ದೂರೂ ಅದೇ. ನಮಗೆ ಸಿಕ್ಕಿರೋ ಸ್ವಾತಂತ್ರ್ಯ ಹಕ್ಕಿನಂತೆ ಸಿಕ್ಕಿಲ್ಲ, ದಯೆಯಿಂದ ಕೊಟ್ಟಂತೆ ಸಿಕ್ಕಿದೆ ಅಂತ ಬರೆದರು. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲಿ ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆಯ ಮಾತು ಬಂತು. ಕನೆಕ್ಟಿಕಟ್‌ನಲ್ಲಿ ಆ ಸರ್ಕಾರಿ ಚರ್ಚು ಹೋಗಲು 1818ರವರೆಗೂ ಕಾಯಬೇಕಾಯಿತು.

ಅದಕ್ಕೂ ಮುಂಚೆ, 1644ರಲ್ಲಿ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ಒಂದು ಬೇಲಿಯ ಮಾತು ಬರೆದಿದ್ದ. ಚರ್ಚು ಒಂದು ತೋಟ, ಹೊರಗಿನ ಲೋಕ ಕಾಡು, ನಡುವೆ ಬೇಲಿ ಇರಬೇಕು ಅಂತ. ನನಗೆ ಗೋಡೆಗಿಂತ ಈ ಬೇಲಿ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕಡೆ ಹೊಲದಲ್ಲಿ ನಾಲ್ಕು ಸೊಪ್ಪಿನ ಮಡಿ ಹಾಕಿದವರು ಸುತ್ತ ಮುಳ್ಳು ಕಟ್ಟುತ್ತಾರೆ. ಅದು ಸೊಪ್ಪು ಉಳಿಯಲಿ ಅಂತ. ಬೇಲಿ ಬಿದ್ದರೆ ಮೊದಲು ಹಾಳಾಗುವುದು ಸೊಪ್ಪು ತಾನೇ?

ಆದರೆ ಅವರ ಗೋಡೆಯನ್ನು ಹಾಗೇ ತಂದು ನಮ್ಮೂರಲ್ಲಿ ನಿಲ್ಲಿಸೋಕೆ ಆಗಲ್ಲ. ಅದನ್ನು ನನ್ನ ಕೆಲಸವೇ ಹೇಳಿಕೊಟ್ಟಿತು. ರಾಜ್ಯದಲ್ಲಿ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳು ಮುಜರಾಯಿ ಇಲಾಖೆಗೆ ಸೇರಿವೆ. ವರ್ಷಕ್ಕೆ 25 ಲಕ್ಷದ ಮೇಲೆ ಆದಾಯ ಇದ್ದರೆ ‘ಎ’ ವರ್ಗ, 5ರಿಂದ 25 ಲಕ್ಷ ಇದ್ದರೆ ‘ಬಿ’, ಅದಕ್ಕಿಂತ ಕಡಿಮೆ ಇದ್ದರೆ ‘ಸಿ’. ‘ಸಿ’ ವರ್ಗದ್ದೇ ರಾಶಿ. ಎಷ್ಟೋ ಹಳ್ಳಿ ಗುಡಿಗಳಲ್ಲಿ ಇನಾಂ ಜಮೀನು ಹೋದ ಮೇಲೆ ಪೂಜೆಗೆ ಅಂತ ಸರ್ಕಾರ ಕೊಡುವ ಹಣ, ಅಂದರೆ ತಸ್ತೀಕಿನಲ್ಲೇ ದೀಪ ಹಚ್ಚಬೇಕು. ತಸ್ತೀಕು ತಡವಾಯಿತು ಅಂತ ಕಚೇರಿಗೆ ಅಲೆಯುವ ಅರ್ಚಕರನ್ನು ನೋಡಿದ್ದೇನೆ. ಬಡತನ ಅಂದರೆ ಏನು ಅಂತ ಅವರ ಪಂಚೆ ನೋಡಿದರೆ ತಿಳಿಯುತ್ತಿತ್ತು. ಸರ್ಕಾರ ನಾಳೆಯೇ ಕೈ ತೊಳೆದುಕೊಂಡು ಹೊರಗೆ ಬಂದರೆ ಇವರ ಗತಿ ಏನು?

ಹಾಗಂತ ಸರ್ಕಾರಕ್ಕೆ ಎಲ್ಲವೂ ಸೇರಿದ್ದಲ್ಲ. ಉಡುಪಿಯ ಶಿರೂರು ಮಠದ ಸ್ವಾಮಿಗಳು ಮದ್ರಾಸು ಸರ್ಕಾರದ ಕಾಯ್ದೆ ವಿರುದ್ಧ ಕೋರ್ಟಿಗೆ ಹೋಗಿದ್ದರು. ಉಡುಪಿ ಆಗ ಮದ್ರಾಸು ರಾಜ್ಯದಲ್ಲಿತ್ತು. 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪೂಜೆ ಹೇಗೆ, ಯಾವ ಹೊತ್ತಿಗೆ, ಯಾವ ಆಚಾರ ಅನ್ನೋದು ಆ ಪಂಗಡಕ್ಕೆ ಬಿಟ್ಟದ್ದು. ಆಸ್ತಿಯ ಲೆಕ್ಕವನ್ನು ಕಾನೂನು ಕೇಳಬಹುದು. ಮಠದಿಂದ ಸರ್ಕಾರ ವಸೂಲಿ ಮಾಡುತ್ತಿದ್ದ ವಂತಿಗೆಯನ್ನೂ ಕೋರ್ಟು ತಡೆಯಿತು. ಎಣಿಕೆಗೆ ಕೂತಾಗ ನನ್ನ ಮನಸ್ಸಿನಲ್ಲಿದ್ದ ಗೆರೆಯೂ ಅದೇ. ನೋಟು ಎಣಿಸೋದು ನನ್ನ ಕೆಲಸ. ಚೀಟಿ ಓದೋದು ನನ್ನ ಕೆಲಸ ಅಲ್ಲ.

ಮಠಗಳ ವಿಷಯ ಇನ್ನೂ ಕಷ್ಟ. ಮುಜರಾಯಿ ಕಾಯ್ದೆ ಮಠಗಳಿಗೆ ಅನ್ವಯಿಸಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಮಠ ಬಿಟ್ಟು ಬದುಕು ಹೇಳೋಕಾಗಲ್ಲ. ದುರ್ಗದ ಭರಮಣ್ಣ ನಾಯಕ ಮುರುಘಾ ಮಠ ಕಟ್ಟಿಸಿಕೊಟ್ಟ ಕಾಲದಿಂದ ಅರಮನೆಗೂ ಮಠಕ್ಕೂ ನಂಟು. ಸಿರಿಗೆರೆಯಲ್ಲಿ ಸೋಮವಾರ ಬಂದರೆ ತರಳಬಾಳು ಮಠದಲ್ಲಿ ನ್ಯಾಯ ಕೇಳೋಕೆ ಜನ ಸೇರುತ್ತಾರೆ. ಅಣ್ಣ ತಮ್ಮಂದಿರ ಹೊಲದ ಜಗಳ, ಗಂಡ ಹೆಂಡತಿ ಜಗಳ. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವುದು ಅಲ್ಲಿ ಮಾತಿನಲ್ಲಿ ಮುಗಿದದ್ದು ಉಂಟು. ನನ್ನ ಸ್ವಂತ ಚಿಕ್ಕಪ್ಪನ ಮಕ್ಕಳ ಪಾಲು ಹಾಗೇ ಬಗೆಹರಿಯಿತು. ತುಂಗಭದ್ರೆಯ ನೀರು ನಮ್ಮ ಒಣ ಕೆರೆಗಳಿಗೆ ಬರಲಿ ಅಂತ ಗಟ್ಟಿಯಾಗಿ ಕೂತವರಲ್ಲಿ ಆ ಮಠದ ಸ್ವಾಮಿಗಳು ಮುಂದೆ ಇದ್ದರು. ಭರಮಸಾಗರದ ದೊಡ್ಡ ಕೆರೆ ತುಂಬಿದ ದಿನ ಜನ ಕಣ್ಣಲ್ಲಿ ನೀರು ತಂದುಕೊಂಡರು. ನಾನೂ ಬಸ್ಸು ಹತ್ತಿ ನೋಡೋಕೆ ಹೋಗಿದ್ದೆ. ಮಠಗಳ ಹಾಸ್ಟೆಲಿನಲ್ಲಿ ಊಟ ಮಾಡಿ ಓದಿದವರು ನಮ್ಮ ಕಚೇರಿಯಲ್ಲೇ ನಾಲ್ಕು ಜನ ಇದ್ದರು.

ಇದೆಲ್ಲ ಗೊತ್ತಿದ್ದೂ ನನ್ನ ಮನಸ್ಸಿಗೆ ಒಂದು ವಿಷಯ ಚುಚ್ಚುತ್ತದೆ. ಕೆರೆಗೆ ನೀರು ಬರುವುದು ರೈತನ ಹಕ್ಕು. ಸರ್ಕಾರ ಅದನ್ನು ರೈತ ಕೇಳಿದಾಗ ಕೊಡದೆ, ಸ್ವಾಮಿಗಳು ಕೇಳಿದಾಗ ಕೊಟ್ಟರೆ ಏನಾಗುತ್ತದೆ? ದೊಡ್ಡ ಮಠ ಇರುವ ಜನಕ್ಕೆ ಬಾಯಿ ಇರುತ್ತದೆ. ಮಠವೇ ಇಲ್ಲದ ಜನ ಯಾರ ಹತ್ತಿರ ಹೋಗಬೇಕು? ಈಗ ಪ್ರತಿ ಜಾತಿಗೂ ಒಂದು ಪೀಠ ಆಗಬೇಕು ಅಂತ ಜನ ಓಡಾಡುವುದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ಬಜೆಟ್ ಬಂದರೆ ಯಾವ ಮಠಕ್ಕೆ ಎಷ್ಟು ಕೋಟಿ ಅಂತ ಹುಡುಕುತ್ತಾರೆ. ಸಂವಿಧಾನದ 27ನೇ ವಿಧಿ ಒಂದು ಧರ್ಮವನ್ನು ಬೆಳೆಸೋಕೆ ಅಂತಲೇ ಜನರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ ಅನ್ನುತ್ತದೆ. ಅನುದಾನವನ್ನು ಶಾಲೆಗೆ, ಹಾಸ್ಟೆಲಿಗೆ ಅಂತ ಕೊಟ್ಟರೆ ಕಾನೂನಿಗೆ ತೊಂದರೆ ಇಲ್ಲದೆ ಇರಬಹುದು. ಆದರೆ ದುಡ್ಡು ತಗೊಂಡ ಸ್ವಾಮಿಗಳು ಮುಖ್ಯಮಂತ್ರಿಯ ಎದುರು ‘ನೀನು ಮಾಡಿದ್ದು ತಪ್ಪು’ ಅನ್ನೋದು ಹೇಗೆ? ಮಠಕ್ಕೆ ಇರುವ ಬೆಲೆಯೇ ಆ ಒಂದು ಮಾತಿನಲ್ಲಿ ಅಲ್ವಾ?

ನಾಯಕನಹಟ್ಟಿ ಜಾತ್ರೆಯಲ್ಲಿ ತಿಪ್ಪೇರುದ್ರಸ್ವಾಮಿಯ ಮುಕ್ತಿ ಬಾವುಟ ಹರಾಜಾಗುತ್ತದೆ. ಲಕ್ಷಗಟ್ಟಲೆ ಕೂಗುತ್ತಾರೆ, ಎಷ್ಟೋ ಸಲ ರಾಜಕಾರಣಿಗಳೇ ಹಿಡಿಯುತ್ತಾರೆ. ಅದರಲ್ಲಿ ನನಗೆ ತಪ್ಪು ಕಾಣಲ್ಲ. ಅವರ ಜೇಬು, ಅವರ ಭಕ್ತಿ. ಮಂತ್ರಿ ಆದವರು ದೇವರಿಗೆ ಕೈ ಮುಗಿಯಬಾರದು ಅಂತ ನಾನು ಎಲ್ಲೂ ಹೇಳುತ್ತಿಲ್ಲ.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಕಚೇರಿಯಲ್ಲಿ ಆಯುಧ ಪೂಜೆ ಜೋರು. ಬಾಗಿಲಿಗೆ ಮಾವಿನ ತೋರಣ, ಎರಡೂ ಕಡೆ ಬಾಳೆಕಂದು. ಜೀಪಿಗೆ ಚೆಂಡು ಹೂವಿನ ಹಾರ. ಕಂಪ್ಯೂಟರಿಗೆ, ಬೀರುವಿಗೆ, ರಿಜಿಸ್ಟರಿಗೆ ಕುಂಕುಮ. ಮಂಡಕ್ಕಿ, ಕಡ್ಲೆ, ಬೆಲ್ಲದ ಪ್ರಸಾದ. ವರ್ಷವಿಡೀ ಬೈಸಿಕೊಳ್ಳುವ ನಮಗೆ ಅದು ಒಂದು ಖುಷಿಯ ದಿನ. ಹೊಸ್ತಿಲ ಮುಂದೆ ದೊಡ್ಡ ರಂಗೋಲಿ ಹಾಕುವುದು ನನ್ನ ಪಾಲು. 21 ಚುಕ್ಕಿಯ ರಂಗೋಲಿ, ಬಣ್ಣ ತುಂಬಿ.

ಆ ವರ್ಷ ಪೂಜೆ ಬೆಳಿಗ್ಗೆ ಕಚೇರಿ ಸಮಯದಲ್ಲೇ ನಡೆಯಿತು. ಹನ್ನೊಂದು ಗಂಟೆ ಇರಬೇಕು. ಹೊರಗೆ ಬಿಸಿಲಿನಲ್ಲಿ ಒಬ್ಬ ಅಜ್ಜ ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಕಾಗದ. ಚಪ್ಪಲಿ ಆಗಲೇ ದೂರ ಬಿಟ್ಟಿದ್ದ. ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿತ್ತು, ಅದನ್ನು ಕೇಳೋಕೆ ಬಂದಿದ್ದ. ನಾನು ಪ್ರಸಾದ ಹಂಚುತ್ತಾ ಬಾಗಿಲಿಗೆ ಬಂದವಳು ಕರೆದೆ.

‘ಯಾಕ್ ಯಜಮಾನ್ರೇ, ಬಿಸ್ಲಲ್ಲಿ ನಿಂತಿದೀರಾ? ಒಳಗೆ ಬನ್ನಿ.’

‘ಇರ್ಲಿ ಬಿಡವ್ವ. ಒಳಗೆ ಪೂಜೆ ಐತಲ್ಲ. ಮುಗೀಲಿ, ಆಮೇಲ್ ಬರ್ತೀನಿ.’

‘ಪೂಜೆ ಮುಗೀತು, ಬನ್ನಿ.’

‘ದೇವ್ರು ಇಟ್ಟೀರಿ. ನಮ್ಮೋರು ಬರಾಂಗಿಲ್ಲ. ಇಲ್ಲೇ ಆಯ್ತದೆ.’

ಅವನು ಕೋಪದಲ್ಲಿ ಹೇಳಲಿಲ್ಲ. ಸಹಜವಾಗಿ ಹೇಳಿದ. ಊರಿನ ಗುಡಿಯ ಹೊರಗೆ ನಿಂತು ಅಭ್ಯಾಸವಾದ ಕಾಲುಗಳು ತಾಲ್ಲೂಕು ಕಚೇರಿಯ ಹೊರಗೂ ನಿಂತುಬಿಟ್ಟಿದ್ದವು. ಬೇರೆ ದಿನ ಅವನು ಅದೇ ಬಾಗಿಲಿನಿಂದ ಒಳಗೆ ಬಂದಿದ್ದವನೇ. ಅವತ್ತು ಕಚೇರಿ ಗುಡಿಯಾಗಿತ್ತು. ಗುಡಿಯಾದ ಕೂಡಲೇ ಗುಡಿಯ ಹೊಸ್ತಿಲಿನ ಕಟ್ಟಳೆಯೂ ಬಂದಿತ್ತು. ಆ ಹೊಸ್ತಿಲಿಗೆ ರಂಗೋಲಿ ಹಾಕಿದ್ದು ನಾನೇ.

ನಾನು ಏನು ಮಾಡಿದೆ ಗೊತ್ತಾ? ಇಂಕ್ ಪ್ಯಾಡು, ಅರ್ಜಿ ಫಾರಂ ತಗೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವನಿಗೆ ಖುಷಿಯಾಯಿತು. ‘ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ’ ಅಂದ. ನಾನೂ ಒಳ್ಳೇ ಕೆಲಸ ಮಾಡಿದೆ ಅಂದುಕೊಂಡೆ. ರಾತ್ರಿ ಮಲಗಿದಾಗ ಹೊಳೆಯಿತು. ಅವನನ್ನು ಒಳಗೆ ಕರೆದುಕೊಳ್ಳುವ ಬದಲು ನಾನು ಕೆಲಸವನ್ನೇ ಹೊರಗೆ ತಗೊಂಡು ಹೋಗಿದ್ದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ನಾನು ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ಅದಕ್ಕೊಂದು ಅನುಕೂಲ ಮಾಡಿಕೊಟ್ಟಿದ್ದೆ. ಆ ನೋವು ನನಗೆ ಇವತ್ತಿಗೂ ಹೋಗಿಲ್ಲ.

ಸೆಕ್ಯುಲರ್ ಅನ್ನೋದಕ್ಕೆ ಕನ್ನಡದಲ್ಲಿ ‘ಧರ್ಮನಿರಪೇಕ್ಷ’ ಅನ್ನುತ್ತಾರೆ, ‘ಜಾತ್ಯತೀತ’ ಅಂತಲೂ ಅನ್ನುತ್ತಾರೆ. 1976ರ 42ನೇ ತಿದ್ದುಪಡಿಯಲ್ಲಿ ಆ ಪದ ಪ್ರಸ್ತಾವನೆಗೆ ಸೇರಿತು. ‘ಜಾತ್ಯತೀತ’ ತಪ್ಪು ಅನುವಾದ, ಧರ್ಮ ಬೇರೆ ಜಾತಿ ಬೇರೆ ಅಂತ ಓದಿದವರು ತಕರಾರು ಮಾಡುವುದನ್ನು ಕೇಳಿದ್ದೇನೆ. ಆ ಅಜ್ಜನನ್ನು ನೋಡಿದ ಮೇಲೆ ನನಗೆ ಆ ಪದವೇ ಸರಿ ಅನ್ನಿಸುತ್ತದೆ. ನಮ್ಮಲ್ಲಿ ದೇವರು ಕಚೇರಿಗೆ ಒಬ್ಬನೇ ಬರಲ್ಲ. ಯಾರು ಮುಂದೆ, ಯಾರು ಹಿಂದೆ, ಯಾರು ಹೊರಗೆ ಅನ್ನೋ ಸಾಲೂ ಜೊತೆಗೆ ಬರುತ್ತದೆ.

ನಮ್ಮ ಸಂವಿಧಾನ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಅಮೆರಿಕದ ಹಾಗೆ ಪೂರ್ತಿ ಗೋಡೆ ಕಟ್ಟಲಿಲ್ಲ. 25ನೇ ವಿಧಿ ಎಲ್ಲರಿಗೂ ಅವರವರ ಧರ್ಮ ಪಾಲಿಸುವ ಸ್ವಾತಂತ್ರ್ಯ ಕೊಟ್ಟಿತು. ಅದೇ ವಿಧಿಯಲ್ಲಿ, ಸಾರ್ವಜನಿಕ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ಕಾನೂನು ಮಾಡಲು ಸರ್ಕಾರಕ್ಕೆ ದಾರಿ ಇಟ್ಟಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸಿನಲ್ಲಿ, ಇದು ನಮ್ಮ ಪಂಗಡದ ದೇವಸ್ಥಾನ, ಯಾರು ಬರಬೇಕು ಅಂತ ನಾವು ಹೇಳುತ್ತೇವೆ ಅನ್ನೋ ವಾದ ಬಂತು. 1957ರಲ್ಲಿ ಸುಪ್ರೀಂ ಕೋರ್ಟ್, ಪಂಗಡದ ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟು, ಬಾಗಿಲು ಎಲ್ಲರಿಗೂ ತೆರೆದಿರಬೇಕು ಅಂದಿತು. ಅಂದರೆ ನಮ್ಮ ಗೋಡೆಗೆ ಒಂದು ಬಾಗಿಲು ಇದೆ. ಹೊರಗೆ ನಿಂತವರನ್ನು ಒಳಗೆ ಕರೆದುಕೊಂಡು ಹೋಗೋಕೆ ಸರ್ಕಾರ ಗುಡಿಯ ಹೊಸ್ತಿಲು ದಾಟಬಹುದು. ಗುಡಿಯ ಹೊಸ್ತಿಲು ಎದ್ದು ಕಚೇರಿಗೆ ಬರುವಂತಿಲ್ಲ.

ದೇವರ ಹೆಸರೇ ಬೇಡವಾ ಅಂತ ಕೇಳುವವರಿಗೆ 1949ರ ಅಕ್ಟೋಬರ್ 17ರ ಸಂಗತಿ ಹೇಳಬೇಕು. ಪ್ರಸ್ತಾವನೆಯನ್ನು ‘ದೇವರ ಹೆಸರಿನಲ್ಲಿ’ ಅಂತ ಶುರು ಮಾಡೋಣ ಅಂತ ಎಚ್.ವಿ. ಕಾಮತ್ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಬರೆದು, ಮೊದಲ ಸಾಲಿನಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೊರಿಸೋದು ಸರಿಯಲ್ಲ ಅಂತ ಹೃದಯನಾಥ ಕುಂಜ್ರು ವಿರೋಧಿಸಿದರು. ಮತಕ್ಕೆ ಹಾಕಿದಾಗ ಪರ 41, ವಿರುದ್ಧ 68. ವಿರುದ್ಧ ಕೈ ಎತ್ತಿದ 68 ಜನರೂ ನಾಸ್ತಿಕರಾಗಿದ್ದರು ಅಂತ ನಾನು ನಂಬಲ್ಲ. ಪೂಜೆ ಮಾಡಿಯೇ ಮನೆ ಬಿಡುವವರು ಅವರಲ್ಲಿ ಬೇಕಾದಷ್ಟು ಜನ ಇದ್ದಿರಬೇಕು.

ಧರ್ಮ ಬಿಟ್ಟರೆ ಸರ್ಕಾರಕ್ಕೆ ನೀತಿ ಎಲ್ಲಿಂದ ಬರುತ್ತದೆ ಅಂತ ನನ್ನ ತಮ್ಮ ಕೇಳುತ್ತಿರುತ್ತಾನೆ. ಒಂದು ಸಲ ಅವನನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋದೆ. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ನನಗೆ ಅದರಲ್ಲಿ ಹಿಡಿಸಿದ್ದು ಅದರ ಧಾಟಿ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ದೊಡ್ಡ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆದೇಶ ಅದು. ಮೊದಲು ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ವಿಷಯ. ನಾವು ಬರೆಯುತ್ತಿದ್ದ ಸುತ್ತೋಲೆಯ ಅಜ್ಜಿ ಇದ್ದ ಹಾಗಿದೆ. ರಾಜ ತಾನು ಬೌದ್ಧ ಉಪಾಸಕನಾದದ್ದನ್ನು, ಸಂಘದ ಹತ್ತಿರ ಹೋದದ್ದನ್ನು ಮುಚ್ಚಿಡಲ್ಲ. ಆದರೆ ಜನರಿಗೆ ಹೇಳುವಾಗ, ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಅನ್ನುತ್ತಾನೆ. ನನ್ನ ಧರ್ಮಕ್ಕೆ ಬನ್ನಿ ಅನ್ನಲ್ಲ. ಬಂಡೆಯ ಮುಂದೆ ನನ್ನ ತಮ್ಮ ತುಂಬ ಹೊತ್ತು ಸುಮ್ನೆ ನಿಂತಿದ್ದ. ಒಪ್ಪಿದನೋ ಇಲ್ಲವೋ, ಕೇಳಲಿಲ್ಲ.

ಅಶೋಕನ ಇನ್ನೊಂದು ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ತನ್ನ ಪಂಥವನ್ನು ಹೊಗಳೋಕೆ ಹೋಗಿ ಬೇರೆಯವರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಅನ್ನುವ 12ನೇ ಶಾಸನ ಆ ಕಲ್ಲಿನಲ್ಲಿದೆ. ಅದು ಎಷ್ಟೋ ಕಾಲ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಇತ್ತು. 1986ರಲ್ಲಿ ಗುಡಿ ಕುಸಿದಾಗ ಕಣ್ಣಿಗೆ ಬಿತ್ತು. ಯಾವ ದೇವಿಯ ಕೆಳಗೆ ಯಾವ ಮಾತು ಇಷ್ಟು ವರ್ಷ ಭದ್ರವಾಗಿತ್ತು ಅಂತ ಯೋಚಿಸಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮುಂದಿನ ವರ್ಷ ಆಯುಧ ಪೂಜೆ ಹತ್ತಿರ ಬಂದಾಗ ನಾನು ಒಂದು ಮಾತು ಕೇಳಿದೆ. ಪೂಜೆ ಸಂಜೆ ಕಚೇರಿ ಮುಗಿದ ಮೇಲೆ ಮಾಡೋಣ, ಬಾಗಿಲಲ್ಲಿ ಬೇಡ, ಹಿಂದೆ ಜೀಪು ನಿಲ್ಲಿಸುವ ಶೆಡ್ಡಿನಲ್ಲಿ ಮಾಡೋಣ ಅಂತ. ಕಾರಣವನ್ನೂ ಹೇಳಿದೆ. ಕೆಲವರಿಗೆ ಬೇಸರವಾಯಿತು. ‘ಮೇಡಂಗೆ ಏನೋ ಆಗಿದೆ’ ಅಂದರು. ಒಬ್ಬರು ವಾರಗಟ್ಟಲೆ ಮಾತು ಬಿಟ್ಟರು. ಆದರೆ ಪೂಜೆ ಶೆಡ್ಡಿನಲ್ಲೇ ಆಯಿತು. ನಾನೇ ಅಲ್ಲಿ ರಂಗೋಲಿ ಹಾಕಿದೆ, ಅದೇ 21 ಚುಕ್ಕಿಯದು. ಬೆಳಿಗ್ಗೆಯಿಡೀ ಕಚೇರಿಯ ಬಾಗಿಲು ಎಂದಿನ ಹಾಗೆ ಖಾಲಿ ಇತ್ತು. ಜನ ಬಂದರು, ಹೋದರು. ಆ ಅಜ್ಜ ಮಾತ್ರ ಮತ್ತೆ ಬರಲಿಲ್ಲ. ಪಿಂಚಣಿ ಶುರುವಾಗಿತ್ತು ಅಂತ ರಿಜಿಸ್ಟರ್ ನೋಡಿ ತಿಳಿದುಕೊಂಡೆ.

ನಿವೃತ್ತಿಗೆ ಮುಂಚೆ ಕೊನೇ ಸಲ ಹುಂಡಿ ಎಣಿಕೆಗೆ ಹೋದಾಗ ಮನೆಯಿಂದ ಒಂದು ಬಟ್ಟೆ ಚೀಲ ತಗೊಂಡು ಹೋಗಿದ್ದೆ. ನೋಟು ಸುತ್ತಿದ್ದ ಹಾಳೆ ಸಿಕ್ಕರೆ, ನೋಟು ತೆಗೆದು, ಹಾಳೆಯನ್ನು ಬಿಡಿಸದೆ ಚೀಲಕ್ಕೆ ಹಾಕಿ ಅಂತ ಪಕ್ಕದವರಿಗೆಲ್ಲ ಹೇಳಿದೆ. ಸಂಜೆಗೆ ಚೀಲ ಅರ್ಧ ತುಂಬಿತ್ತು. ಬಾಯಿಗೆ ಗಂಟು ಹಾಕಿ ಅರ್ಚಕರಿಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ತಗೊಂಡು, ದೀಪಕ್ಕೆ ಎಣ್ಣೆ ಹಾಕೋದಿದೆ ಅಂತ ಒಳಗೆ ಹೋದರು. ನಾನು ಮಹಜರಿಗೆ ಸಹಿ ಹಾಕೋಕೆ ಬಂದೆ.